ಹಳೇ ತೋಟದ ಟ್ರ್ಯಾಕ್ಟರ್‌ಗೆ ಬಣ್ಣ: ಡಬ್ಬ ತೆರೆಯುವ ಮೊದಲಿನ ಕೆಲಸವೇ ದೊಡ್ಡದು

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ಸಾಲಿನ ನಡುವೆ ವರ್ಷಗಟ್ಟಲೆ ದುಡಿದ ಚಿಕ್ಕ ಟ್ರ್ಯಾಕ್ಟರ್‌ಗಳು ಈಗ ಎಷ್ಟೋ ಮನೆಗಳ ಹಿತ್ತಲಲ್ಲಿ ತಾಡಪಾಲು ಹೊದ್ದು ನಿಂತಿವೆ. ಮೂರು ಸಿಲಿಂಡರಿನ, 18.5 ಎಚ್.ಪಿ.ಯ ಮಿತ್ಸುಬಿಷಿ ಶಕ್ತಿ ಎಂ.ಟಿ. 180 ಡಿ ಅಂಥ ಒಂದು ಗಾಡಿ. ಇವುಗಳ ಎಂಜಿನ್ ಗಟ್ಟಿ. ಮೊದಲು ಸೋಲುವುದು ತಗಡು, ಆಮೇಲೆ ಎಣ್ಣೆ ಸೋರದಂತೆ ತಡೆಯುವ ಸೀಲುಗಳು. ಹಾಗಾಗಿ ಗುಜರಿಗೆ ಹಾಕುವ ಮುನ್ನ ಮನೆಯಲ್ಲೇ ಒಮ್ಮೆ ಬಿಚ್ಚಿ, ರಿಪೇರಿ ಮಾಡಿ, ಬಣ್ಣ ಹೊಡೆಯುವುದು ಖಂಡಿತ ಮಾಡಬಹುದಾದ ಕೆಲಸ. ಆದರೆ ಹೊಸ ಬಣ್ಣ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಪ್ಪಳದ ಹಾಗೆ ಏಳುವುದನ್ನು ಎಲ್ಲ ಊರಲ್ಲೂ ನೋಡುತ್ತೇವೆ. ಅದಕ್ಕೆ ಬಹುಪಾಲು ಕಾರಣ ಬಣ್ಣದ ಗುಣಮಟ್ಟವಲ್ಲ; ಅದರಡಿ ಉಳಿದುಹೋದ ಎಣ್ಣೆ, ಗೊಬ್ಬರದ ಉಪ್ಪು ಮತ್ತು ತೇವ. ಹತ್ತು ದಿನದ ಕೆಲಸವಾದರೆ ಏಳು ದಿನ ಈ ಮೂರನ್ನು ತೆಗೆಯುವುದಕ್ಕೇ ಇಟ್ಟುಕೊಳ್ಳಬೇಕು.

ಮೊದಲು ಕಾಲ ನೋಡಿಕೊಳ್ಳಿ. ದಾವಣಗೆರೆಯಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ, ಬೆಳಗಿನ 9ರಿಂದ 12ರೊಳಗೆ ಹೊಡೆದ ಬಣ್ಣ ಚೆನ್ನಾಗಿ ಕೂರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗನ್ನಿನಿಂದ ಹೊರಟ ಬಣ್ಣ ತಗಡು ಮುಟ್ಟುವ ಮೊದಲೇ ಅರ್ಧ ಒಣಗಿರುತ್ತದೆ. ಮುಟ್ಟಿದರೆ ಮರಳು ಮರಳು. ಆಷಾಢದ ಗಾಳಿಯಲ್ಲಂತೂ ಚಿತ್ರದುರ್ಗದ ಕಡೆ ಬಯಲಲ್ಲಿ ಗನ್ ಹಿಡಿಯುವ ಮಾತೇ ಇಲ್ಲ. ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆಯಿದ್ದವರು ಭಟ್ಟಿಯ ಹೊಗೆ ಯಾವ ಕಡೆ ಬಾಗುತ್ತಿದೆ ಎಂದು ನೋಡಿಯೇ ಶುರು ಮಾಡಬೇಕು, ಹಸಿ ಬಣ್ಣದ ಮೇಲೆ ಕೂತ ಬೂದಿಯನ್ನು ಒರೆಸಿ ತೆಗೆಯಲು ಆಗುವುದಿಲ್ಲ. ಆಯುಧಪೂಜೆಗೆ ಗಾಡಿ ಹೊಸದಾಗಿ ಕಾಣಲಿ ಅನ್ನುವ ಆಸೆ ಸಹಜ. ಹಾಗಿದ್ದರೆ ಹಬ್ಬಕ್ಕೆ ಒಂದು ತಿಂಗಳು ಮೊದಲೇ ಬಣ್ಣ ಮುಗಿದಿರಲಿ. ಸಿಂಥೆಟಿಕ್ ಎನಾಮೆಲ್ ಮರುದಿನವೇ ಒಣಗಿದಂತೆ ಕಂಡರೂ ಒಳಗಿನಿಂದ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಮೆತ್ತಗಿರುವಾಗ ಬಾಳೆಕಂದು ಕಟ್ಟಿದ ಹಗ್ಗ ಉಜ್ಜಿದ ಗುರುತೂ ಉಳಿದುಬಿಡುತ್ತದೆ.

ಬಿಚ್ಚುವ ಮೊದಲು ಪ್ರತಿ ಮಗ್ಗುಲಿನಿಂದ ಫೋಟೊ ತೆಗೆಯಿರಿ. ವೈರು, ಪೈಪು, ಕೇಬಲ್ ಹಾದುಹೋಗುವ ದಾರಿಯನ್ನು ಹತ್ತಿರದಿಂದ ತೆಗೆಯಿರಿ. ಸಾಧ್ಯವಿದ್ದಲ್ಲೆಲ್ಲ ಬೋಲ್ಟನ್ನು ಅದು ಬಂದ ತೂತಿಗೇ ಎರಡು ಸುತ್ತು ತಿರುಗಿಸಿಡಿ, ಉಳಿದದ್ದನ್ನು ಭಾಗವಾರು ಚೀಲಕ್ಕೆ ಹಾಕಿ ಚೀಟಿ ಬರೆಯಿರಿ. ಜಪಾನ್ ಮೂಲದ ಎಂಜಿನ್‌ಗಳಲ್ಲಿ 10 ಎಂ.ಎಂ. ಬೋಲ್ಟಿನ ಥ್ರೆಡ್ ಅಂತರ ಸಾಮಾನ್ಯವಾಗಿ 1.25 ಎಂ.ಎಂ. ಅಂಗಡಿಯಲ್ಲಿ ಬರೀ ‘10 ಎಂ.ಎಂ. ಬೋಲ್ಟು’ ಎಂದು ಕೇಳಿದರೆ 1.5ರದ್ದು ಕೊಡುತ್ತಾರೆ. ಅದು ಕೈಯಲ್ಲಿ ಒಂದೂವರೆ ಸುತ್ತು ಹೋಗಿ ಬಿಗಿಯುತ್ತದೆ. ಪಾನಾ ಹಾಕಿ ಒತ್ತಿದರೆ ಎರಕದ ಥ್ರೆಡ್ಡೇ ಕಿತ್ತುಬರುತ್ತದೆ. ಹಳೇ ಬೋಲ್ಟನ್ನು ಜೇಬಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ.

ತುಕ್ಕು ಹಿಡಿದು ಕೂತ ಬೋಲ್ಟನ್ನು ಮೊದಲು ಬಿಗಿಮಾಡುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ತುಕ್ಕಿನ ಹಿಡಿತ ಹಾಗೆ ಒಡೆಯುತ್ತದೆ. ಪವರ್ ಸ್ಟೀರಿಂಗ್‌ಗೆ ಹಾಕುವ ಎ.ಟಿ.ಎಫ್. ಎಣ್ಣೆ, ಅಸಿಟೋನ್ ಸಮಸಮ ಬೆರೆಸಿ ರಾತ್ರಿಯಿಡೀ ಬಿಟ್ಟರೆ ಬಹಳಷ್ಟು ಸಡಿಲವಾಗುತ್ತವೆ. ಈ ಮಿಶ್ರಣಕ್ಕೆ ಬೆಂಕಿ ಬೇಗ ಹತ್ತುತ್ತದೆ. ಇದನ್ನು ಬಿಟ್ಟ ಜಾಗಕ್ಕೆ ಗ್ಯಾಸ್ ಬೆಂಕಿ ತೋರಿಸಬೇಡಿ.

ಇನ್ನು ಮಣ್ಣು. ಎರೆಮಣ್ಣಿಗೆ ಗ್ರೀಸು ಸೇರಿ ಒಣಗಿದ ಹೆಂಟೆಗೆ ಮೊದಲೇ ನೀರು ಬಿಟ್ಟರೆ ಅದು ಉಬ್ಬಿ, ಅಂಟಾಗಿ ಇನ್ನಷ್ಟು ಮೂಲೆಗೆ ಹರಡುತ್ತದೆ. ಒಣಗಿರುವಾಗಲೇ ಪುಟ್ಟಿ ಪಟ್ಟಿಯಿಂದ, ಬಿದಿರಿನ ಕಡ್ಡಿಯಿಂದ ಕೆರೆದು ಉದುರಿಸಿ. ಉಳಿದದ್ದಕ್ಕೆ ಡೀಸೆಲ್ ಬ್ರಷ್. ಚಿಕ್ಕ ಟ್ರ್ಯಾಕ್ಟರ್‌ಗೆ 4-5 ಲೀಟರ್ ಸಾಕು, ಕೆಳಗೆ ತಟ್ಟೆ ಇಟ್ಟು ಸೋಸಿ ಮತ್ತೆ ಬಳಸಬಹುದು. ಇಲ್ಲೇ ಹೆಚ್ಚಿನವರು ನಿಲ್ಲಿಸುವುದು. ಡೀಸೆಲ್ ಗ್ರೀಸನ್ನು ತೆಗೆಯುತ್ತದೆ, ಆದರೆ ತಾನೇ ತೆಳ್ಳಗಿನ ಎಣ್ಣೆ ಪದರವಾಗಿ ಉಳಿಯುತ್ತದೆ. ಬಣ್ಣ ಅದರ ಮೇಲೆ ಹಿಡಿಯದೆ ಅಲ್ಲಲ್ಲಿ ದೂರ ಸರಿದು ಸಾಸಿವೆ ಗಾತ್ರದ ಗುಳಿ ಬೀಳುತ್ತದೆ. ಆದ್ದರಿಂದ ಡೀಸೆಲ್ ಆದಮೇಲೆ ಬಿಸಿನೀರು, ಸೋಪಿನ ಪುಡಿ ಹಾಕಿ ಎರಡು ಸಲ ಉಜ್ಜಬೇಕು. ಬಣ್ಣಕ್ಕೆ ಸ್ವಲ್ಪ ಮೊದಲು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಬೇಕು. ಒಂದೇ ಬಟ್ಟೆಯಲ್ಲಿ ಒರೆಸುತ್ತ ಹೋದರೆ ಎಣ್ಣೆ ಈ ಜಾಗದಿಂದ ಆ ಜಾಗಕ್ಕೆ ಹೋಯಿತು, ಅಷ್ಟೇ.

ಎಣ್ಣೆ ಹೋಯಿತೋ ಇಲ್ಲವೋ ತಿಳಿಯಲು ಸುಲಭದ ಪರೀಕ್ಷೆಯಿದೆ. ಥಿನ್ನರ್ ಹಂತಕ್ಕೆ ಮೊದಲು, ತೊಳೆದ ಬಾನೆಟ್ಟನ್ನು ಓರೆಯಾಗಿ ನಿಲ್ಲಿಸಿ ಒಂದು ಚೊಂಬು ನೀರು ಸುರಿಯಿರಿ. ನೀರು ಒಡೆಯದೆ ತೆಳು ಹಾಳೆಯಂತೆ ಅರ್ಧ ನಿಮಿಷ ನಿಂತರೆ ತಗಡು ಶುದ್ಧ. ಕೆಸುವಿನೆಲೆಯ ಮೇಲಿನ ಹಾಗೆ ಹನಿಹನಿಯಾಗಿ ಕೂಡಿಕೊಂಡರೆ ಆ ಜಾಗದಲ್ಲಿ ಎಣ್ಣೆ ಇದೆ. ಚಾಕ್‌ಪೀಸಿನಿಂದ ಸುತ್ತ ಗುರುತು ಹಾಕಿ ಮತ್ತೆ ತೊಳೆಯಿರಿ. ಸಾಮಾನ್ಯವಾಗಿ ಡೀಸೆಲ್ ಟ್ಯಾಂಕಿನ ಮುಚ್ಚಳದ ಕೆಳಭಾಗ, ಬಾನೆಟ್ಟಿನ ಹಿಡಿ, ಡಿಪ್‌ಸ್ಟಿಕ್ ಇರುವ ಕಡೆ ಈ ಹನಿಗಳು ಕಾಣುತ್ತವೆ.

ಉಪ್ಪಿನ ವಿಷಯ ಯಾರೂ ಮಾತಾಡುವುದಿಲ್ಲ. ಯೂರಿಯಾ, ಪೊಟ್ಯಾಷ್, ಸಗಣಿ ಗೊಬ್ಬರ ಹೊತ್ತ ಗಾಡಿಯ ಮಡ್‌ಗಾರ್ಡ್ ಒಳಮೈಗೆ, ರಿಮ್ಮಿನ ಸಂದಿಗೆ ಕಣ್ಣಿಗೆ ಕಾಣದ ಲವಣ ಕೂತಿರುತ್ತದೆ. ಅದು ಬಣ್ಣದ ಪದರದ ಮೂಲಕವೇ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಮೇಲಾಗಿ ನಮ್ಮ ಬೋರ್‌ವೆಲ್ ನೀರೇ ಗಡಸು. ಅದರಲ್ಲಿ ತೊಳೆದು ಒಣಗಲು ಬಿಟ್ಟರೆ ಬಿಳಿ ಕಲೆ ಉಳಿಯುತ್ತದೆ. ಕೊನೆಯ ನೀರಿಗೆ ಊರಿನ ಶುದ್ಧ ನೀರಿನ ಘಟಕದಿಂದ ಒಂದು 20 ಲೀಟರ್ ಕ್ಯಾನ್ ತಂದು, ತಗಡಿನ ಭಾಗಗಳ ಮೇಲೆ ಹಾಯಿಸಿ ಒರೆಸಿಬಿಡಿ.

ವಾಟರ್ ಸರ್ವಿಸ್‌ಗೆ ಕೊಟ್ಟರೆ ರೇಡಿಯೇಟರ್ ಜಾಲರಿಗೆ, ಡೈನಮೊಗೆ, ಚಕ್ರದ ಸೀಲುಗಳಿಗೆ ನೇರ ಧಾರೆ ಬಿಡಬೇಡಿ ಎಂದು ನಿಂತು ಹೇಳಿ. ಎಂಜಿನ್ ಬಿಸಿಯಿರುವಾಗ ಡೀಸೆಲ್ ಪಂಪಿನ ಮೇಲೆ ತಣ್ಣೀರು ಬಿದ್ದರೆ ಅದರೊಳಗಿನ ಬಿಗಿ ಅಳತೆಯ ಭಾಗಗಳು ಹಿಡಿದುಕೊಳ್ಳುವ ಅಪಾಯವಿದೆ.

ತೊಳೆದ ಗಾಡಿಯನ್ನು ಒಂದು ಗಂಟೆ ಓಡಿಸಿ ಬಿಳಿ ಕಾಗದದ ಮೇಲೆ ನಿಲ್ಲಿಸಿ. ಎಲ್ಲೆಲ್ಲಿ ಎಣ್ಣೆ ಜಿನುಗುತ್ತದೋ ಅಲ್ಲಿ ಬಣ್ಣ ನಿಲ್ಲುವುದಿಲ್ಲ, ಆದ್ದರಿಂದ ಸೀಲು, ಪ್ಯಾಕಿಂಗ್ ಬದಲಾವಣೆ ಬಣ್ಣಕ್ಕೆ ಮೊದಲೇ ಆಗಬೇಕು. ಆಯಿಲ್ ಸೀಲಿನ ಮೇಲೆ ಮೂರು ಸಂಖ್ಯೆ ಇರುತ್ತವೆ: ಒಳ ಅಳತೆ, ಹೊರ ಅಳತೆ, ದಪ್ಪ. ಹೊಸ ಸೀಲು ಹಾಕಿಯೂ ಸೋರಿದರೆ ಶಾಫ್ಟ್ ಮೇಲೆ ಹಳೇ ಸೀಲಿನ ತುಟಿ ಕೊರೆದ ಗೆರೆ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ, ಜಾಗವಿದ್ದಲ್ಲಿ, ಸೀಲನ್ನು 1-2 ಎಂ.ಎಂ. ಈಚೆ ಕೂರಿಸಿದರೆ ತುಟಿ ಹೊಸ ಜಾಗಕ್ಕೆ ಬರುತ್ತದೆ. ಇಲ್ಲವೆಂದರೆ ಲೇತಿನವರ ಹತ್ತಿರ ಸ್ಲೀವ್ ಹಾಕಿಸಬೇಕು. ಡೀಸೆಲ್ ಪಂಪ್ ಬಿಚ್ಚುವ ಪ್ರಸಂಗ ಬಂದರೆ ಅದರ ಬುಡದಲ್ಲಿರುವ ಶಿಮ್‌ಗಳನ್ನು, ಅಂದರೆ ಅಳತೆಗೆ ಇಟ್ಟ ತೆಳು ತಗಡಿನ ಬಿಲ್ಲೆಗಳನ್ನು, ಒಂದೂ ಕಳೆಯಬೇಡಿ. ಇಂಥ ಚಿಕ್ಕ ಎಂಜಿನ್‌ಗಳಲ್ಲಿ ಡೀಸೆಲ್ ಸಿಡಿಯುವ ಟೈಮಿಂಗ್ ಆ ಶಿಮ್ ದಪ್ಪದ ಮೇಲೆ ನಿಂತಿರುತ್ತದೆ.

ತಗಡಿನಲ್ಲಿ ಅತಿ ಹೆಚ್ಚು ತಿಂದಿರುವುದು ಬ್ಯಾಟರಿ ತಟ್ಟೆ. ಆಸಿಡ್ ಉಳಿದ ಜಾಗಕ್ಕೆ ಅಡಿಗೆ ಸೋಡಾ ನೀರು ಹಾಕಿ, ನೊರೆ ಬರುವುದು ನಿಲ್ಲುವವರೆಗೂ ಹಾಕುತ್ತಲೇ ಇರಿ. ತೂತು ಬಿದ್ದಿದ್ದರೆ 18 ಗೇಜ್ ತಗಡಿನ ತೇಪೆ ವೆಲ್ಡ್ ಮಾಡಿಸಿ. ತೂತಿನ ಮೇಲೆ ಪುಟ್ಟಿ ಮೆತ್ತಿದರೆ ಹಿಂದಿನಿಂದ ನೀರು ಕುಡಿದು ಪುಟ್ಟಿ ಉಂಡೆಯಾಗಿ ಬಿದ್ದುಹೋಗುತ್ತದೆ. ತಗ್ಗಿಗೆ ಹಾಕುವ ಪುಟ್ಟಿಯೂ 2 ಎಂ.ಎಂ. ಮೀರಬಾರದು, 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡನರ್. ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಹಾಕಿದರೆ ಕೆಲವು ದಿನ ಕಳೆದು ಬಣ್ಣದ ಮೇಲೆ ಕಲೆಯಾಗಿ ಮೂಡುತ್ತದೆ. ಪುಟ್ಟಿಯನ್ನು ಒಣಗಿಸಿಯೇ ಉಜ್ಜಿ, ನೀರು ಹಾಕಿ ಉಜ್ಜಬೇಡಿ.

ಬ್ರಾಕೆಟ್ಟು, ಟೂಲ್‌ಬಾಕ್ಸ್‌ನಂಥ ಬಿಡಿ ಕಬ್ಬಿಣದ ತುಕ್ಕಿಗೆ ಕರೆಂಟಿನ ತೊಟ್ಟಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಡ್ರಮ್ಮಿಗೆ 40 ಲೀಟರ್ ನೀರು, 200 ಗ್ರಾಂ ವಾಷಿಂಗ್ ಸೋಡಾ. 12 ವೋಲ್ಟ್ ಬ್ಯಾಟರಿ ಚಾರ್ಜರಿನ ಮೈನಸ್ ತಂತಿ ತುಕ್ಕು ಹಿಡಿದ ಭಾಗಕ್ಕೆ, ಪ್ಲಸ್ ತಂತಿ ಒಂದು ಹಳೇ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ತಾಕಬಾರದು. ರಾತ್ರಿ ಕಳೆದರೆ ತುಕ್ಕು ಕಪ್ಪು ಮಸಿಯಾಗಿ ಬ್ರಷ್‌ಗೆ ಬಂದುಬಿಡುತ್ತದೆ. ಸರಳಿನ ಬದಲು ಸ್ಟೀಲ್ ಪಾತ್ರೆ ತುಂಡು ಬಳಸಲೇಬಾರದು, ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಅಲ್ಯುಮಿನಿಯಂ ಭಾಗ ಹಾಕಿದರೆ ಅದೇ ಕರಗುತ್ತದೆ. ಹೈಡ್ರೋಜನ್ ಗ್ಯಾಸ್ ಬರುವುದರಿಂದ ಬಯಲಲ್ಲೇ ಇಡಿ, ಹತ್ತಿರ ಬೀಡಿ ಹಚ್ಚಬಾರದು.

ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜಿದ ತಗಡು ಕನ್ನಡಿಯಂತೆ ಹೊಳೆಯುತ್ತದೆ, ಆದರೆ ಆ ನುಣುಪಿನ ಮೇಲೆ ಪ್ರೈಮರ್‌ಗೆ ಹಿಡಿತವಿಲ್ಲ. 80, ಆಮೇಲೆ 120 ನಂಬರ್ ಎಮರಿ ಹಾಳೆಯಿಂದ ಗೀರು ಬರಿಸಿ. ಬರೀ ತಗಡು ಆದ ದಿನವೇ ಪ್ರೈಮರ್ ಆಗಬೇಕು. ರಾತ್ರಿ ಬಿಟ್ಟರೆ ಬೆಳಿಗ್ಗೆ ತೆಳ್ಳಗೆ ಕೆಂಪು ಬಂದಿರುತ್ತದೆ. ಎರಕದ ಎಂಜಿನ್, ಗೇರ್‌ಬಾಕ್ಸ್ ಮೈಯಲ್ಲಿ ಹಳೇ ಬಣ್ಣ ಗಟ್ಟಿಯಾಗಿದ್ದರೆ ಪೂರ್ತಿ ಕೀಳುವ ಅಗತ್ಯ ನನಗೆ ಕಾಣುವುದಿಲ್ಲ, ಎಮರಿ ಆಡಿಸಿದರೆ ಸಾಕು. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒದ್ದೆ ಮಾಡಿಕೊಂಡು ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ.

ಪ್ರೈಮರ್ ಮತ್ತು ಮೇಲಿನ ಬಣ್ಣ ಒಂದಕ್ಕೊಂದು ಹೊಂದಬೇಕು. ರೆಡ್ ಆಕ್ಸೈಡ್ ಪ್ರೈಮರ್ ಮೇಲೆ ಸಿಂಥೆಟಿಕ್ ಎನಾಮೆಲ್ ಸರಿಯಾಗಿ ಕೂರುತ್ತದೆ. ಅದೇ ರೆಡ್ ಆಕ್ಸೈಡ್ ಮೇಲೆ ಎನ್.ಸಿ. (ನೈಟ್ರೋಸೆಲ್ಯುಲೋಸ್) ಅಥವಾ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆದರೆ ಅವುಗಳ ಖಾರದ ಥಿನ್ನರ್ ಕೆಳಗಿನ ಪದರವನ್ನು ನೆನೆಸಿ, ಮುದುಕರ ಕೈ ಚರ್ಮದಂತೆ ಸುಕ್ಕು ಎಬ್ಬಿಸುತ್ತದೆ. ಪಿಯು ಬೇಕೆಂದರೆ ಕೆಳಗೆ ಎಪಾಕ್ಸಿ ಪ್ರೈಮರ್. ತುಕ್ಕು ಕರಗಿಸುವ ಆಸಿಡ್ ಬಳಸಿದ್ದರೆ ಅದನ್ನು ಪೂರ್ತಿ ತೊಳೆಯದೆ ಎಪಾಕ್ಸಿ ಹೊಡೆಯಬೇಡಿ, ಗಟ್ಟಿಯಾಗುವುದೇ ಇಲ್ಲ. ಮತ್ತೆ ಕೆಲಸಕ್ಕೆ ಇಳಿಯುವ ಗಾಡಿಗೆ ನನ್ನ ಆಯ್ಕೆ ಸಿಂಥೆಟಿಕ್ ಎನಾಮೆಲ್. ಗೀರು ಬಿದ್ದರೆ ಬ್ರಷ್‌ನಲ್ಲೇ ತೇಪೆ ಹಾಕಬಹುದು. ಪಿಯು ಹೊಳಪಿನಲ್ಲಿ, ಡೀಸೆಲ್ ತಡೆಯುವುದರಲ್ಲಿ ಮೇಲು ನಿಜ, ಆದರೆ ಅದರ ಹಾರ್ಡನರ್‌ನಲ್ಲಿರುವ ಐಸೊಸೈನೇಟ್ ಶ್ವಾಸಕೋಶಕ್ಕೆ ಹಾನಿ. ಮುಖಕ್ಕೆ ಕಟ್ಟಿದ ಟವೆಲ್ಲು ಅದನ್ನು ತಡೆಯುವುದಿಲ್ಲ, ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು.

ಈ ಗಾತ್ರದ ಗಾಡಿಗೆ ಪ್ರೈಮರ್ 2 ಲೀಟರ್, ತಗಡಿನ ಬಣ್ಣ 2 ಲೀಟರ್, ರಿಮ್ಮಿಗೆ 1, ಎಂಜಿನ್ನಿಗೆ 1 ಲೀಟರ್ ಹಿಡಿಯುತ್ತದೆ. ಮೂಲ ಬಣ್ಣವನ್ನು ಬಿಸಿಲಿಗೆ ಬಾಡಿದ ಬಾನೆಟ್ಟಿನಲ್ಲಿ ಹುಡುಕಬೇಡಿ. ಟೂಲ್‌ಬಾಕ್ಸ್ ಮುಚ್ಚಳದ ಒಳಮೈ, ನಂಬರ್ ಪ್ಲೇಟಿನ ಹಿಂಬದಿ ನೋಡಿ. ಮುಚ್ಚಳವನ್ನೇ ಅಂಗಡಿಗೆ ಒಯ್ದು ಬಿಸಿಲಲ್ಲಿ ಹಿಡಿದು ಹೊಂದಿಸಿಕೊಳ್ಳಿ. ನಂಬರ್ ದಾವಣಗೆರೆಯ ಕೆ.ಎ. 17 ಇರಲಿ, ಚಿತ್ರದುರ್ಗದ 16 ಇರಲಿ, ಆರ್.ಸಿ.ಯಲ್ಲಿ ಬಣ್ಣವೂ ದಾಖಲಾಗಿರುತ್ತದೆ, ಬೇರೆ ಬಣ್ಣ ಹೊಡೆದರೆ ಆರ್.ಟಿ.ಓ. ಕಚೇರಿಯಲ್ಲಿ ತಿದ್ದಿಸಬೇಕಾಗುತ್ತದೆ. ಚಾಸಿ, ಎಂಜಿನ್ ನಂಬರ್ ಕೊರೆದ ಜಾಗಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ.

ಗನ್ನಿಗೆ 1.4 ಎಂ.ಎಂ. ನಾಝಲ್, ಗಾಳಿ 30-40 ಪಿ.ಎಸ್.ಐ., ತಗಡಿನಿಂದ ಒಂದು ಗೇಣು ದೂರ. ಪ್ರತಿ ಪಟ್ಟಿ ಹಿಂದಿನದರ ಅರ್ಧ ಮುಚ್ಚಲಿ. ಬಣ್ಣವನ್ನು ಸೋಸಿ, ನೂರು ಪಾಲಿಗೆ 10-15 ಪಾಲು ಥಿನ್ನರ್ ಸೇರಿಸಿ. ಮೊದಲು ಮಂಜಿನಷ್ಟು ತೆಳುವಾಗಿ, 15 ನಿಮಿಷ ಬಿಟ್ಟು ಪೂರ್ತಿ ಹಸಿಯಾಗಿ. ಕೈ ನಿಂತಲ್ಲಿ ಬಣ್ಣ ಇಳಿಯುತ್ತದೆ, ಆದ್ದರಿಂದ ಅಂಚು ದಾಟಿದ ಮೇಲೆಯೇ ಟ್ರಿಗರ್ ಬಿಡಿ. ಕಂಪ್ರೆಸರ್ ಟ್ಯಾಂಕಿನ ನೀರನ್ನು ಶುರುವಿಗೆ ಮೊದಲು ಒಮ್ಮೆ, ನಡುವೆ ಒಮ್ಮೆ ಬಿಟ್ಟುಬಿಡಬೇಕು.

ರೇಡಿಯೇಟರ್ ಜಾಲರಿ, ರಬ್ಬರ್ ಪೈಪು, ಬೆಲ್ಟು, ಹೈಡ್ರಾಲಿಕ್ ರಾಡು, ಗೇರ್‌ಬಾಕ್ಸಿನ ಉಸಿರು ತೂತು, ಇವಕ್ಕೆ ಬಣ್ಣ ತಾಕಬಾರದು. ಗ್ರೀಸ್ ನಿಪ್ಪಲ್‌ಗೆ ಡೀಸೆಲ್ ಪೈಪಿನ ಅರ್ಧ ಇಂಚು ತುಂಡು ಸಿಕ್ಕಿಸಿದರೆ ಅಚ್ಚುಕಟ್ಟಾಗಿ ಮುಚ್ಚುತ್ತದೆ. ಸೈಲೆನ್ಸರ್‌ಗೆ ಶಾಖ ತಡೆಯುವ ಬಣ್ಣ ಬೇರೆ. ಹೊಡೆದ ಮೇಲೆ ಎಂಜಿನ್ನನ್ನು 10 ನಿಮಿಷ ಸಣ್ಣಗೆ ಓಡಿಸಿ ತಣಿಸಿ, ಮತ್ತೆ 20 ನಿಮಿಷ. ಒಮ್ಮೆಲೇ ಲೋಡು ಕೊಟ್ಟರೆ ಗುಳ್ಳೆ ಏಳುತ್ತದೆ.

ಜೋಡಿಸಿದ ಮೇಲೆ ಸೆಲ್ಫ್ ‘ಟಕ್’ ಎಂದು ಸುಮ್ಮನಾದರೆ ಬ್ಯಾಟರಿಯನ್ನು ಬೈಯುವ ಮೊದಲು ಅರ್ಥ್ ಪಟ್ಟಿಯ ಬುಡ ನೋಡಿ. ಅಲ್ಲಿ ಬಣ್ಣ ಕೆರೆದು ಬರೀ ಲೋಹ ಕಾಣಿಸಿದರೆ ಸರಿಹೋಗುತ್ತದೆ. ಚಕ್ರದ ನಟ್ಟು ಕೂರುವ ಮುಖಕ್ಕೂ ದಪ್ಪ ಬಣ್ಣ ಬೇಡ. ಓಡಾಟದಲ್ಲಿ ಆ ಪದರ ಹಿಂಡಿಹೋಗಿ ನಟ್ಟು ಸಡಿಲವಾಗುತ್ತದೆ. ಮೊದಲ ಒಂದು ಗಂಟೆ ಓಡಿಸಿದ ಮೇಲೆ ಒಮ್ಮೆ, ಹತ್ತು ಗಂಟೆ ಆದಮೇಲೆ ಇನ್ನೊಮ್ಮೆ ಎದುರುಬದುರು ನಟ್ಟುಗಳ ಕ್ರಮದಲ್ಲಿ ಬಿಗಿಮಾಡಿ.