ಪ್ಯಾರಾ ಜಂಬಲ್ ಅಭ್ಯಾಸ ಸೆಟ್: ಎರಡನೇ ಸುತ್ತು ಎಲ್ಲಿಗೆ ಬಂತು

ಇಂಗ್ಲಿಷ್ ಪ್ಯಾರಾದ ವಾಕ್ಯಗಳನ್ನು ಕಲಸಿ ಕೊಟ್ಟು, ಸರಿಯಾದ ಕ್ರಮಕ್ಕೆ ಜೋಡಿಸಿ ಎನ್ನುವ ಪ್ರಶ್ನೆಯೇ ಪ್ಯಾರಾ ಜಂಬಲ್. ಎರಡನೇ ಸುತ್ತಿನ 30 ಪ್ಯಾರಾಗಳ ಕರಡು ಮುಗಿದಿದೆ. 12 ನಾಲ್ಕು ವಾಕ್ಯದವು, 18 ಐದು ವಾಕ್ಯದವು. ಒಂದೊಂದು ವಾಕ್ಯಕ್ಕೆ 7ರಿಂದ 22 ಪದ. ಆರು ವಾಕ್ಯದವನ್ನು ಸದ್ಯಕ್ಕೆ ಮುಟ್ಟಿಲ್ಲ. ಆರು ವಾಕ್ಯಗಳನ್ನು 720 ರೀತಿಯಲ್ಲಿ ಜೋಡಿಸಬಹುದು. ಅವುಗಳಲ್ಲಿ ಒಂದೇ ಸರಿ ಎಂದು ತೋರಿಸಲು ಪ್ರಶ್ನೆ ಬರೆಯುವವರೇ ತಿಣುಕಬೇಕಾಗುತ್ತದೆ.

ಮೊದಲ ಸುತ್ತು ಕೆಟ್ಟದ್ದು ಇಲ್ಲೇ. ಎರಡು ಕ್ರಮಗಳೂ ಸರಿ ಎನಿಸುವ ಪ್ಯಾರಾಗಳು ನುಸುಳಿದ್ದವು. ಹಾಗಾಗಿ ಈ ಸಲ ಪ್ರತಿ ಪ್ಯಾರಾದ ಜೊತೆ ಕೊಂಡಿ ಪಟ್ಟಿ ಇದೆ: ಒಂದನೇ ವಾಕ್ಯದಿಂದ ಎರಡಕ್ಕೆ ಯಾವ ಪದ ಕರೆದೊಯ್ಯುತ್ತದೆ, ಎರಡರಿಂದ ಮೂರಕ್ಕೆ ಯಾವುದು, ಹೀಗೆ ಕೊನೆಯವರೆಗೆ. 'ಓದಿದರೆ ಗೊತ್ತಾಗುತ್ತದೆ' ಎಂಬುದು ಕೊಂಡಿ ಅಲ್ಲ. ಬೆರಳಿಟ್ಟು ಪದ ತೋರಿಸಲಾಗದಿದ್ದರೆ ವಾಕ್ಯ ತಿದ್ದುಪಡಿಗೆ ವಾಪಸ್.

ಒಂದು ಉದಾಹರಣೆ, ಸರಿಯಾದ ಕ್ರಮದಲ್ಲೇ:

1. ಎ ಬೀ ದಟ್ ಫೈಂಡ್ಸ್ ನೆಕ್ಟರ್ ರಿಟರ್ನ್ಸ್ ಟು ದಿ ಹೈವ್ ಅಂಡ್ ಡಾನ್ಸಸ್.
2. ದಿ ಡಾನ್ಸ್ ಟೆಲ್ಸ್ ದಿ ಅದರ್ಸ್ ದಿ ಡೈರೆಕ್ಷನ್ ಅಂಡ್ ಡಿಸ್ಟೆನ್ಸ್ ಆಫ್ ದಿ ಫ್ಲವರ್ಸ್.
3. ದಿಸ್ ಇನ್ಫರ್ಮೇಷನ್ ಸೇವ್ಸ್ ದೆಮ್ ಎ ಲಾಂಗ್ ಸರ್ಚ್.
4. ಹೌಎವರ್, ನಾಟ್ ಎವೆರಿ ಬೀ ದಟ್ ವಾಚಸ್ ದಿ ಡಾನ್ಸ್ ಫಾಲೋಸ್ ಇಟ್.

1-2 ಗಟ್ಟಿ: 'ಡಾನ್ಸಸ್' ಬಂದ ಮೇಲೆಯೇ 'ದಿ ಡಾನ್ಸ್'. 2-3 ಕೂಡ ಪರವಾಗಿಲ್ಲ. ತೊಂದರೆ ನಾಲ್ಕರದ್ದು. 'ಹೌಎವರ್' ಎರಡನೇ ವಾಕ್ಯದ ಬೆನ್ನಿಗೂ ಒಗ್ಗುತ್ತದೆ, ಆಗ 1-2-4-3 ಎಂದವರನ್ನು ತಪ್ಪು ಎನ್ನುವುದು ಹೇಗೆ? ಪರಿಹಾರ ಸಣ್ಣದು: ನಾಲ್ಕನೆಯದರ ಆರಂಭವನ್ನು 'ಡಿಸ್ಪೈಟ್ ದಿಸ್ ಸೇವಿಂಗ್' ಎಂದು ಮಾಡಿದರೆ ಅದು ಮೂರರ 'ಸೇವ್ಸ್'ಗೆ ಕಚ್ಚಿಕೊಳ್ಳುತ್ತದೆ. 'ಬಟ್', 'ಹೌಎವರ್', 'ಆಲ್ಸೋ' ಇವು ಹಿಂದೆ ಏನೋ ಇದೆ ಎಂದಷ್ಟೇ ಹೇಳುತ್ತವೆ, ಯಾವುದು ಎಂದು ಹೇಳುವುದಿಲ್ಲ. 'ದಿಸ್' ಜೊತೆಗೊಂದು ನಾಮಪದ ಬಂದರೆ ಗುರಿ ಖಚಿತ. 'ದಿ ಲ್ಯಾಟರ್' ಇನ್ನೂ ಬಿಗಿ, ಹಿಂದಿನ ವಾಕ್ಯದಲ್ಲಿ ಎರಡು ಹೆಸರು ಇರಲೇಬೇಕು.

ಬಿಡಿಸುವವರು ಜಾರುವ ಎರಡು ಜಾಗಗಳಿಗೆ ಬೇಕೆಂದೇ ಪ್ರಶ್ನೆ ಇಟ್ಟಿದೆ. ಒಂದು, 'ಇಟ್' ಕಂಡೊಡನೆ ಅದು ಮೊದಲ ವಾಕ್ಯವಲ್ಲ ಎಂದು ತಳ್ಳಿಹಾಕುವುದು. 'ಇಟ್ ಈಸ್ ಈಸಿ ಟು ಫರ್ಗೆಟ್' ಎಂಬಲ್ಲಿ 'ಇಟ್' ಯಾವುದನ್ನೂ ಸೂಚಿಸುವುದಿಲ್ಲ, ಪ್ಯಾರಾ ಅಲ್ಲಿಂದಲೇ ಶುರುವಾಗಬಹುದು. ಇನ್ನೊಂದು 'ದಿ'. 'ದಿ ಸನ್' ಎನ್ನಲು ಹಿಂದೆ ಸೂರ್ಯನ ಪರಿಚಯ ಆಗಿರಬೇಕಿಲ್ಲ.

ಕಲಸುವುದಕ್ಕೂ ಲೆಕ್ಕವಿದೆ. ಸುಮ್ಮನೆ ಕಲಸಿದರೆ ಸರಿಯಾದ ಜೋಡಿಯೊಂದು ಹಾಗೆಯೇ ಅಕ್ಕಪಕ್ಕ ಉಳಿದುಬಿಡುತ್ತದೆ, ಅರ್ಧ ಉತ್ತರ ಬಿಟ್ಟಿ. ಯಾವ ಜೋಡಿಯೂ ಉಳಿಯದ ಕ್ರಮಗಳು ನಾಲ್ಕು ವಾಕ್ಯಕ್ಕೆ 24ರಲ್ಲಿ 11, ಐದಕ್ಕೆ 120ರಲ್ಲಿ 53. ಆಯ್ಕೆ ಮಾಡುವುದು ಅವುಗಳಿಂದಲೇ, 2-4-1-3 ಅಂಥದ್ದೊಂದು. ಆದರೆ ಅದೊಂದನ್ನೇ ಎಲ್ಲದಕ್ಕೂ ಬಳಸಿದರೆ ನಾಲ್ಕನೇ ಪ್ರಶ್ನೆಯ ಹೊತ್ತಿಗೆ ಗುಟ್ಟು ರಟ್ಟು.

ಆಯ್ಕೆಗಳಿರುವ ಪ್ರಶ್ನೆಯಲ್ಲಿ ನಾಲ್ಕೂ ಉತ್ತರಗಳು ಬೇರೆ ಬೇರೆ ವಾಕ್ಯದಿಂದ ಶುರುವಾದರೆ ಮೊದಲನೆಯದನ್ನು ಗುರುತಿಸಿದರೆ ಸಾಕು, ಉಳಿದದ್ದನ್ನು ಓದುವ ಕೆಲಸವೇ ಇಲ್ಲ. ಈಗ ಕನಿಷ್ಠ ಎರಡು ಆಯ್ಕೆಗಳಿಗೆ ಒಂದೇ ಆರಂಭ.

ಅಂಕ ಕೊಡುವ ರೀತಿ ಇನ್ನೂ ಚರ್ಚೆಯಲ್ಲಿದೆ. ಐಐಎಂ ಪ್ರವೇಶ ಪರೀಕ್ಷೆ ಕ್ಯಾಟ್‌ನಲ್ಲಿ ಕ್ರಮವನ್ನು ಟೈಪ್ ಮಾಡುವ ಪ್ರಶ್ನೆಗೆ ತಪ್ಪಾದರೆ ಅಂಕ ಕಡಿತವಿಲ್ಲ, ಅರೆ ಸರಿಗೆ ಅಂಕವೂ ಇಲ್ಲ. ಇಂಗ್ಲಿಷ್ ಪರಿಣತಿಯ ಪರೀಕ್ಷೆಯಾದ ಪಿಟಿಇ ಅಕಾಡೆಮಿಕ್‌ನಲ್ಲಿ ಸರಿಯಾಗಿ ಅಕ್ಕಪಕ್ಕ ಬಿದ್ದ ಪ್ರತಿ ಜೋಡಿಗೂ ಒಂದು ಅಂಕ. ಈ ಎರಡನೆಯದು ವಿಚಿತ್ರವಾಗಿ ವರ್ತಿಸುತ್ತದೆ. ಸರಿಯುತ್ತರ 1-2-3-4-5 ಇದ್ದಾಗ 5-1-2-3-4 ಎಂದವರಿಗೆ 4ರಲ್ಲಿ 3. ನಡುವಿನ ಎರಡನ್ನಷ್ಟೇ ಅದಲುಬದಲು ಮಾಡಿ 1-3-2-4-5 ಎಂದವರಿಗೆ ಬರೀ 1! ಮೊದಲ ವಾಕ್ಯ ಹುಡುಕುತ್ತಾ ಕೂರುವುದಕ್ಕಿಂತ ಬಿಡಿಸಲಾಗದ ಜೋಡಿಗಳನ್ನು ಮೊದಲು ಕಟ್ಟಿ, ಆ ಕಟ್ಟುಗಳನ್ನು ಆಮೇಲೆ ಸಾಲಾಗಿಸುವುದು ಇಲ್ಲಿ ಲಾಭ. ಅಭ್ಯಾಸದ ಹಂತಕ್ಕೆ ಜೋಡಿ ಅಂಕವೇ ವಾಸಿ ಎಂಬುದು ಸದ್ಯದ ಒಲವು, ಎಡವಿದ್ದು ಯಾವ ಕೊಂಡಿಯಲ್ಲಿ ಎಂದು ಅದರಲ್ಲಿ ತಕ್ಷಣ ಕಾಣುತ್ತದೆ.

ಬಾಕಿ ಇರುವುದು: ಐದು ವಾಕ್ಯದ 18ಕ್ಕೂ ಕೊಂಡಿ ಪಟ್ಟಿಯ ಎರಡನೇ ಓದು, ಅದೂ ಬರೆದವರಲ್ಲದ ಇನ್ನೊಬ್ಬರಿಂದ, ಉತ್ತರ ಮುಚ್ಚಿಟ್ಟು.