ಬಿಸಿ ಬಾನೆಟ್ಟಿನ ಡೀಸೆಲ್ ಗಾಡಿ

ಆ ಕೆಎ 20 ಹ್ಯಾಚ್‌ಬ್ಯಾಕ್ ನಾನು ತಪಾಸಣೆ ಮಾಡುವ ಮಂಗಳೂರಿನ ಹಳೆ ಕಾರುಗಳ ಯಾರ್ಡಿಗೆ ಬಂದದ್ದು ಮಧ್ಯಾಹ್ನ, ಉಡುಪಿಯಿಂದ ಹೈವೇಯಲ್ಲಿ ಓಡಿಸಿಕೊಂಡೇ. ಬಾನೆಟ್ ಮುಟ್ಟಿದರೆ ಕೈ ಸುಡುತ್ತಿತ್ತು, ಎಂಜಿನ್ ಮಾತ್ರ ಬೆಣ್ಣೆ. ಆ್ಯಪ್‌ನಲ್ಲಿ ‘ಎಂಜಿನ್ ಸೌಂಡ್’ ಎದುರು ಟಿಕ್ ಹಾಕಿ ಟೋಕನ್ ಮುಂಗಡ ಕೊಟ್ಟಾಯಿತು.

ಮರುದಿನ ಬೆಳಗ್ಗೆ ವಾಶಿಂಗಿಗೆ ತೆಗೆಯಲು ಕೀ ತಿರುಗಿಸಿದ್ದೇ ತಡ, ಡಬ್ಬಕ್ಕೆ ಮೊಳೆ ಹಾಕಿ ಕುಲುಕಿದ ಹಾಗೆ ಸದ್ದು. ಒಂದು, ಎರಡು, ಮೂರು, ನಾಲ್ಕು ಸೆಕೆಂಡ್. ಮತ್ತೆ ನಿಶ್ಶಬ್ದ. ಆಫ್ ಮಾಡಿ ಪುನಃ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ. ಕಿವಿಗೇ ಭ್ರಮೆ ಅಂತ ಒಂದು ಕ್ಷಣ ಅನಿಸಿತು. ಹೆಡ್ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಬಂದರು. “ಎಂತ ಮಾರಾಯ್ರೆ, ನಿನ್ನೆ ಬಿಸಿ ಇರುವಾಗಲೇ ನೋಡಿದ್ದಾ?”

ಟೈಮಿಂಗ್ ಚೈನ್, ಪಿಸ್ಟನ್ ಓಟಕ್ಕೆ ಸರಿಯಾಗಿ ವಾಲ್ವ್ ತೆರೆದು ಮುಚ್ಚಿಸುವ ಸರಪಳಿ. ಹಳೆಯ ಡೀಸೆಲ್ ಸ್ವಿಫ್ಟ್, ರಿಟ್ಜ್, ಪುಂಟೊ, ವಿಸ್ಟಾ ಕ್ವಾಡ್ರಾಜೆಟ್ ಎಲ್ಲದರಲ್ಲೂ ಇರುವುದು ಫಿಯಾಟ್ ಮೂಲದ 1.3 ಲೀಟರ್ ಎಂಜಿನ್ನೇ, ಅದಕ್ಕೆ ಬೆಲ್ಟ್ ಇಲ್ಲ, ಚೈನ್. ಚೈನ್ ಬದಲಿಸುವುದೇ ಬೇಡ ಎಂಬ ನಂಬಿಕೆಯಲ್ಲಿ ಓನರುಗಳು ಆಯಿಲನ್ನೂ ಮರೆಯುತ್ತಾರೆ. ಹಿಡಿಸುವುದೇ ಸುಮಾರು 3 ಲೀಟರ್, ಅರ್ಧ ಲೀಟರ್ ಕಡಿಮೆಯಾದರೂ ಲೆಕ್ಕಕ್ಕೆ ಬರುತ್ತದೆ. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ನಡೆಯುವುದು ಆಯಿಲ್ ಪ್ರೆಷರ್ ಮೇಲೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಪ್ರೆಷರ್ ಏರುವ ತನಕ ಸಡಿಲ ಚೈನ್ ಬಡಿಯುತ್ತದೆ. ಚೈನ್ ಹಲ್ಲು ಹಾರಿದರೆ ವಾಲ್ವ್ ಪಿಸ್ಟನ್‌ಗೆ ತಾಗಬಹುದು, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಬೇಕಾದೀತು. ಈ ಸದ್ದು ಹೆಚ್ಚಾಗಿ ಕೇಳಿಸುವುದು ದಿನದ ಮೊದಲ ಸ್ಟಾರ್ಟಿನಲ್ಲೇ.

ಗಾಡಿ ಮಾರುವ ಪಾರ್ಟಿಯ ಮನೆಗೇ ಬೆಳಗ್ಗೆ ಹೋಗಿ ನೋಡಿ. “ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ” ಅಂತ ಹಿಂದಿನ ದಿನವೇ ಹೇಳಿಡಿ. ಆದರೂ ಮಾಡಿರುತ್ತಾರೆ. ಸ್ಕ್ಯಾನರ್ ಹಾಕಿ ಕೂಲಂಟ್ (ಎಂಜಿನ್ ತಂಪಿಡುವ ದ್ರವ) ಟೆಂಪರೇಚರ್ ನೋಡಿ: ಹೊರಗೆ 25 ಡಿಗ್ರಿ, ಒಳಗೆ 55 ಅಂದರೆ ಯಾರೋ ಬಿಸಿ ಮಾಡಿದ್ದಾರೆ. ಇನ್ನೊಂದು ದಿನ ಬನ್ನಿ. ನಮ್ಮ ಸೆಖೆಯಲ್ಲಿ, ಚಳಿಗೆ ಸ್ಟಾರ್ಟ್ ಆಗಲು ಬಿಸಿ ಕೊಡುವ ಗ್ಲೋ ಪ್ಲಗ್ ಸತ್ತದ್ದೂ ತಿಳಿಯುವುದಿಲ್ಲ, ಅದನ್ನು ಮೀಟರ್ ಹಿಡಿದೇ ನೋಡಬೇಕು. ಗಾಡಿ ಕೊಂಡು ಮಡಿಕೇರಿಯ ಚಳಿಗೆ ಹೋದವನು ಅಲ್ಲಿಂದ ಬೈಯುತ್ತಾನೆ.

ಐಡ್ಲಿಂಗ್‌ನಲ್ಲಿ ಆಯಿಲ್ ಕ್ಯಾಪ್ ಬಿಚ್ಚಿ ಬಾಯಿಯ ಮೇಲೆ ಸುಮ್ಮನೆ ಇಡಿ. ನಡುಗಿದರೆ ಪರವಾಗಿಲ್ಲ. ಹಾರಿ ಬಿದ್ದರೆ, ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗ್ ಸವೆದ ಅನುಮಾನ, ಕಂಪ್ರೆಷನ್ ಟೆಸ್ಟ್ ಬೇಕು. ಡೀಸೆಲ್ ಗಾಡಿಯ ಆಯಿಲ್ ಕಪ್ಪಿರುವುದು ಸಹಜ, ಅದನ್ನು ತೋರಿಸಿ ಚೌಕಾಸಿ ಮಾಡುವವರನ್ನು ಕಂಡರೆ ನಗು ಬರುತ್ತದೆ. ಆದರೆ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮೇಲಿನ ಗೆರೆ ದಾಟಿ ಡೀಸೆಲ್ ವಾಸನೆ ಹೊಡೆದರೆ ನಗಬೇಡಿ, ಆಯಿಲ್‌ಗೆ ಡೀಸೆಲ್ ಸೇರುತ್ತಿದೆ.

ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕರಿ ಇದ್ದು ‘ಚಫ್ ಚಫ್’ ಎಂದರೆ ತಾಮ್ರದ ವಾಷರ್ ಸೋರುತ್ತಿದೆ. ವಾಷರ್ ಅಗ್ಗ, ಹಿಡಿದುಕೊಂಡ ಇಂಜೆಕ್ಟರ್ ಕೀಳುವುದೇ ತಲೆನೋವು. ಇಂಟರ್‌ಕೂಲರ್ ಹೋಸ್ ಒಳಗೆ ಆಯಿಲ್ ಪಸೆ ಇದ್ದರೆ ಇರಲಿ, ನಿಂತಿದ್ದರೆ ಟರ್ಬೊ ನೋಡಿಸಿ. ಬಾವುಟಗುಡ್ಡೆ ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಸ್ಲಿಪ್. 2,000 ದಾಟಿದರೂ ಎಳೆಯದೆ ಕಪ್ಪು ಹೊಗೆ ಉಗುಳಿದರೆ ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ವಾಲ್ವ್) ಕಟ್ಟಿರಬಹುದು, ಇಲ್ಲವೇ ಹೋಸ್ ಒಡೆದಿರಬಹುದು. ನೀಲಿ ಹೊಗೆ ಆಯಿಲ್‌ನದು. ಬಿಳಿ ಹೊಗೆ ನಿಲ್ಲದೆ ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋದ ಅನುಮಾನ.

ಕರಾವಳಿಯ ಗಾಡಿಗೆ ಎಂಜಿನ್ನಿಗಿಂತ ತಗಡಿನ ಭಯ ಹೆಚ್ಚು. ಹೊಸ ಕಪ್ಪು ಅಂಡರ್‌ಕೋಟಿಂಗ್ ಕಂಡರೆ ಖುಷಿಪಡಬೇಡಿ, ಲಿಫ್ಟಿಗೆ ಏರಿಸಿ ಸ್ಕ್ರೂಡ್ರೈವರಿನಿಂದ ಕುಟ್ಟಿ. ಬ್ರೇಕ್ ಪೈಪ್, ಸಬ್‌ಫ್ರೇಮ್, ಬಾಗಿಲಿನ ಕೆಳ ಅಂಚು ಬಿಡಬೇಡಿ. ಕೊಟ್ಟಾರ ಚೌಕಿಯ ಮಳೆನೀರಿನಲ್ಲಿ ಮುಳುಗಿದ ಗಾಡಿ ಪಾಲಿಶ್ ಆಗಿ ಬರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಸಿಗಬಹುದು. ಸೀಟ್ ರೈಲಿನ ತುಕ್ಕು, ಕಾರ್ಪೆಟ್ ಅಡಿಯ ವಾಸನೆ, ಕನೆಕ್ಟರ್ ಪಿನ್‌ಗಳ ಹಸಿರು ಕೂಡ ನೋಡಿ. ನೀರು ಎಳೆದ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡ್ ಬಾಗಿದ್ದರೆ ಆ ಸಿಲಿಂಡರಿನಲ್ಲಿ ಕಂಪ್ರೆಷನ್ ಕಡಿಮೆ ತೋರಿಸಬಹುದು.

ಕೋಲ್ಡ್ ಸ್ಟಾರ್ಟಿಗೆ ಆ್ಯಪ್‌ನಲ್ಲಿ ಒಂದು ಕಾಲಂ ಹಾಕಿ ಅಂತ ಮೀಟಿಂಗ್‌ನಲ್ಲಿ ಹೇಳಿಯಾಯಿತು. ಒಂದು ಗಾಡಿಗೆ ಅಷ್ಟು ಹೊತ್ತು ಕಳೆದರೆ ಟಾರ್ಗೆಟ್ ಆಗುವುದಿಲ್ಲವಂತೆ. ಆ ಕೆಎ 20ರ ಚೈನ್ ಕಿಟ್ ಬಿಲ್ ಮಾತ್ರ ನನ್ನ ಇನ್ಸೆಂಟಿವ್‌ನಲ್ಲಿ ಕಟ್ ಆಯಿತು.