ಅನುಭವ ಏನೂ ಇಲ್ಲ ಅಂದ ಹುಡುಗಿ

ಮನೆಯಲ್ಲಿ ಮೊದಲ ಡಿಗ್ರಿ ಪಡೆದವರಿಗೆ ಕೆಲಸ ಸಿಗೋದು ತಡವಾದರೆ, ‘ಸಾಫ್ಟ್ ಸ್ಕಿಲ್ಸ್’, ಅಂದರೆ ಮಾತು-ನಡವಳಿಕೆಯ ಕೌಶಲ, ಸಾಲದು ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಾನೂ ನಮ್ಮ ಮನೆಯ ಮೊದಲ ಪದವೀಧರೆ. ಬಿಡುವಿದ್ದಾಗ ಕಾಲೇಜಿನ ಕೊನೆಯ ವರ್ಷದವರಿಗೆ ಮಾಕ್ ಇಂಟರ್‌ವ್ಯೂ, ಅಂದರೆ ಅಭ್ಯಾಸಕ್ಕೆಂದು ಸಂದರ್ಶನ, ಮಾಡುತ್ತೇನೆ.

ಒಬ್ಬ ಹುಡುಗಿ ಫೈಲನ್ನು ಎದೆಗವಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ‘ಏನಾದರೂ ಸಮಸ್ಯೆ ಬಗೆಹರಿಸಿದ್ದು ಹೇಳಮ್ಮ’ ಅಂದೆ. ‘ಅನುಭವ ಏನೂ ಇಲ್ಲ ಮೇಡಂ’ ಅಂದಳು. ಆಮೇಲೆ ಸುಮ್ನೆ ಹರಟುವಾಗ ಹೊರಬಿತ್ತು ನೋಡಿ. ಸ್ಕಾಲರ್‌ಶಿಪ್ ಹಣ ಬಾರದೇ ಹೋದಾಗ ಬ್ಯಾಂಕಿಗೂ ಕಾಲೇಜು ಆಫೀಸಿಗೂ ಇವಳೇ ಓಡಾಡಿದ್ದಾಳೆ. ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದ್ದನ್ನು ಹಿಡಿದಿದ್ದಾಳೆ. ಗುಮಾಸ್ತರು ಗದರಿದರೂ ಸಮಾಧಾನದಿಂದ ಮಾತಾಡಿ, ತನ್ನ ಜೊತೆ ಕೆಲವು ಗೆಳತಿಯರ ಹಣವನ್ನೂ ಬಿಡಿಸಿಕೊಟ್ಟಿದ್ದಾಳೆ. ಇದಲ್ವಾ ಅನುಭವ? ಇದನ್ನೇ ಮೂರು ನಿಮಿಷದಲ್ಲಿ ಹೇಳೋದನ್ನು ಅಭ್ಯಾಸ ಮಾಡಿಸಿದೆ. ಎರಡನೇ ಸಲ ಹೇಳುವಾಗ ಫೈಲು ಮೇಜಿನ ಮೇಲಿತ್ತು.

‘ನಮ್ಮನ್ನೇನಾದರೂ ಕೇಳೋದಿದೆಯಾ?’ ಎಂಬ ಕೊನೆಯ ಪ್ರಶ್ನೆಗೂ ಹೀಗೇ. ದೊಡ್ಡವರನ್ನು ಎದುರಿಗೆ ಪ್ರಶ್ನೆ ಕೇಳಬಾರದು ಅಂತ ಬೆಳೆದವರು ‘ಇಲ್ಲ ಸರ್’ ಅಂದು ಎದ್ದು ಬರುತ್ತಾರೆ. ಅವರ ಮಟ್ಟಿಗೆ ಅದು ಮರ್ಯಾದೆ. ಎದುರಿಗಿದ್ದವರಿಗೆ ಆಸಕ್ತಿ ಇಲ್ಲದಂತೆ ಕಾಣುತ್ತದೆ. ಸಂಬಳದ ಮಾತಿನಲ್ಲೂ ಇದೇ ಕಥೆ.

ಇನ್ನು ಪರಿಚಯಗಳ ವಿಷಯ. ಇದು ಜಾಸ್ತಿ ಕಾಡುವಂಥದ್ದು. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲಿ ಪ್ರಕಟಿಸಿದ ಲೇಖನವೊಂದಿದೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದ್ದರು. ಆ ಪರಿಚಯಸ್ಥರನ್ನು ಆಗಾಗ ಭೇಟಿಯಾಗುತ್ತಿದ್ದವರು ಸುಮಾರು ಶೇ. 17 ಮಾತ್ರ. ಉಳಿದವರಿಗೆಲ್ಲ ನೆರವಾದದ್ದು ಯಾವಾಗಲಾದರೊಮ್ಮೆ ಇಲ್ಲವೇ ತೀರಾ ಅಪರೂಪಕ್ಕೆ ಸಿಗುವವರು. ನಮ್ಮಂಥವರ ನಂಟರಿಷ್ಟರು ಪ್ರಾಣ ಕೊಟ್ಟಾರು. ಆದರೆ ಯಾವ ಆಫೀಸಿನಲ್ಲಿ ಕೆಲಸ ಖಾಲಿ ಇದೆ ಅನ್ನೋದು ಅವರ ಕಿವಿಗೇ ಬೀಳೋದಿಲ್ಲ.

ಅದಕ್ಕೇ ಸೀನಿಯರ್‌ಗಳಿಗೆ ಮೆಸೇಜ್ ಮಾಡಿ ಅನ್ನುತ್ತೇನೆ. ‘ಕೆಲಸ ಇದ್ರೆ ಹೇಳಿ’ ಅಂತಲ್ಲ. ‘ನಿಮ್ಮ ಕೆಲಸ ಹೇಗಿರುತ್ತೆ, ಹದಿನೈದು ನಿಮಿಷ ಮಾತಾಡಬಹುದಾ?’ ಅಂತ. ಇದಕ್ಕೆ ಉತ್ತರ ಬರುವುದೇ ಜಾಸ್ತಿ.

ಕಂಪನಿಯವರಿಗೂ ಒಂದು ಮಾತು. ಎಷ್ಟು ಸುತ್ತು, ಯಾರು ಮಾತಾಡಿಸುತ್ತಾರೆ, ಏನು ಕೇಳುತ್ತಾರೆ, ಸಂಬಳ ಎಷ್ಟರಿಂದ ಎಷ್ಟು, ಎಲ್ಲವನ್ನೂ ಕರೆಯುವ ಇಮೇಲ್‌ನಲ್ಲೇ ಬರೆಯಿರಿ. ಅಪ್ಪ ಅಮ್ಮ ಆಫೀಸಿನಲ್ಲಿರುವ ಮಕ್ಕಳಿಗೆ ಇದೆಲ್ಲ ಊಟದ ಹೊತ್ತಲ್ಲೇ ಗೊತ್ತಾಗಿರುತ್ತದೆ.